ಟೂರಿಂಗ್ ಗಾಡಿಗೆ ಕಡ್ಡಿ ಚಕ್ರವೋ, ಅಲಾಯೋ? ದಾವಣಗೆರೆ–ದುರ್ಗದ ಸವಾರರು ಹೇಳಿ

ವಿದ್ಯಾನಗರ_ಸವಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ರಾಯಲ್ ಎನ್‌ಫೀಲ್ಡ್ ಸ್ಕ್ರ್ಯಾಮ್ 440 ತಗೊಳ್ಳುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ತಲೆಬಿಸಿ ಈಗ ಚಕ್ರದ್ದು. ಟ್ರೇಲ್ ಮಾದರಿಗೆ ಕಡ್ಡಿ (ಸ್ಪೋಕ್) ಚಕ್ರ, ಒಳಗೆ ಟ್ಯೂಬ್. ಫೋರ್ಸ್ ಮಾದರಿಗೆ ಅಲಾಯ್ ಅಂದರೆ ಎರಕದ ಚಕ್ರ, ಟ್ಯೂಬ್‌ಲೆಸ್. ಎರಡಕ್ಕೂ ಮುಂದೆ 19 ಇಂಚು, ಹಿಂದೆ 17. ಎಂಜಿನ್ನೂ ಒಂದೇ. ಬೇರೆ ನೆಪ ಹೇಳುವಂತಿಲ್ಲ, ಚಕ್ರ ನೋಡಿಯೇ ಆರಿಸಬೇಕು.

ನನ್ನ ಓಡಾಟ ಹೀಗಿದೆ. ವಾರಕ್ಕೊಮ್ಮೆ ಜಗಳೂರು ಕಡೆ ಹೊಲಕ್ಕೆ ಹೋಗುತ್ತೇನೆ. ಕೊನೆಯ ಒಂದಿಷ್ಟು ದೂರ ಬಂಡಿ ದಾರಿ. ರಜೆ ಸಿಕ್ಕರೆ ಹೆಂಡತಿ ಜೊತೆ ಹಂಪಿ, ಸಂಡೂರು, ಆಗುಂಬೆ, ಶಿರಸಿ. ಹಿಂದೆ ಎರಡು ಬ್ಯಾಗ್ ಇರುತ್ತವೆ. ಒಂದಲ್ಲ ಒಂದು ದಿನ ಲಡಾಖ್ ಅಂತ ಆಸೆ ಇದೆ, ಯಾರಿಗಿಲ್ಲ? ಷೋರೂಮಿನಲ್ಲಿ ಕೇಳಿದರೆ "ಎರಡೂ ಚೆನ್ನಾಗಿದೆ ಸರ್" ಅಂತಾರೆ. ಯಾವುದು ಸ್ಟಾಕ್ ಇದೆಯೋ ಅದು ಇನ್ನೂ ಚೆನ್ನಾಗಿದೆಯಂತೆ. ನೀವು ಹೇಳಿ.

ಕೋಟೆ_ಕಲ್ಲು, ಚಿತ್ರದುರ್ಗ

ಬಂಡಿ ದಾರಿ ಅಂದ ಮೇಲೆ ಮಾತೇ ಇಲ್ಲ ಸರ್. ಕಡ್ಡಿ. ಕಲ್ಲಿಗೆ ಬಡಿದರೆ ಕಡ್ಡಿ ಚಕ್ರ ಬಾಗುತ್ತದೆ, ಅಲಾಯ್ ಸೀಳುತ್ತದೆ. ಬಾಗಿದ್ದನ್ನು ಊರಲ್ಲೇ ನೆಟ್ಟಗೆ ಮಾಡಿಸಬಹುದು. ಸೀಳಿದ್ದಕ್ಕೆ ಹೊಸದೇ ಗತಿ. ಕಾಡುಮೇಡು ಸುತ್ತುವ ಗಾಡಿಗಳಿಗೆ ಕಂಪನಿಯವರು ಕಡ್ಡಿಯನ್ನೇ ಯಾಕೆ ಕೊಡುತ್ತಾರೆ? ಎಕ್ಸ್‌ಪಲ್ಸ್ 200 ನೋಡಿ, ಹಿಮಾಲಯನ್ ನೋಡಿ. ಸುಮ್ನೆ ಕೊಟ್ಟಿರುತ್ತಾರಾ?

ಪಂಚರ್_ಪುರಾಣ, ದಾವಣಗೆರೆ

ಕೋಟೆ ಅಣ್ಣ, ಆ ಪಟ್ಟಿಗೆ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಕೂಡ ಸೇರಿಸಿ. ಮುಂದೆ 19, ಎರಡೂ ಅಲಾಯ್. ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್, ಅದೂ ಅಲಾಯ್. 2020ರಲ್ಲಿ ಕೆಟಿಎಂ 390 ಅಡ್ವೆಂಚರ್ ಇಲ್ಲಿಗೆ ಬಂದಾಗಲೂ ಅಲಾಯಲ್ಲೇ ಬಂತು. ಅವರೂ ಸುಮ್ನೆ ಕೊಟ್ಟರಾ?

ಸವಾರ ಸರ್, ನಿಮ್ಮ ಜಗಳ ಕಡ್ಡಿಗಿಂತ ಜಾಸ್ತಿ ಟ್ಯೂಬಿನ ಜೊತೆ. ಮಾಮೂಲಿ ಕಡ್ಡಿ ಚಕ್ರದಲ್ಲಿ ಕಡ್ಡಿಯ ತುದಿಯನ್ನು ಹಿಡಿಯುವ ನಿಪ್ಪಲ್ ರಿಮ್ಮಿನ ನಡುವಿನ ತೂತಿನಲ್ಲಿ ಕೂತಿರುತ್ತದೆ. ಅಷ್ಟೊಂದು ತೂತು ಇದ್ದ ಮೇಲೆ ಗಾಳಿ ನಿಲ್ಲುವುದಿಲ್ಲ, ಟ್ಯೂಬ್ ಬೇಕೇ ಬೇಕು. ಮೊಳೆ ಹೊಕ್ಕು ಟ್ಯೂಬ್ ಹರಿದರೆ ಗಾಳಿ ಈ ತೂತುಗಳಿಂದ, ವಾಲ್ವಿನ ಪಕ್ಕದಿಂದ ಒಮ್ಮೆಗೇ ಹೋಗಿಬಿಡಬಹುದು. ಟ್ಯೂಬ್‌ಲೆಸ್ಸಿನಲ್ಲಿ ಮೊಳೆ ಟಯರಲ್ಲೇ ಕಚ್ಚಿಕೊಂಡಿರುತ್ತದೆ. ಗಾಳಿ ಸಾಮಾನ್ಯವಾಗಿ ನಿಧಾನ ಇಳಿಯುತ್ತದೆ, ನಿಲ್ಲಿಸಲು ಸಮಯ ಸಿಗುತ್ತದೆ. ಹೈವೇಯಲ್ಲಿ ತೊಂಬತ್ತರಲ್ಲಿ ಹೋಗುವಾಗ ಹಿಂದಿನ ಚಕ್ರ ಕುಸಿದರೆ ಗಾಡಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ನೀವು ಮನೆಯವರನ್ನು ಕೂರಿಸಿಕೊಂಡು ಹೋಗುವವರು. ಫೋರ್ಸ್ ತಗೊಳ್ಳಿ.

ಕಡ್ಡಿ_ಕಟ್ಟುವವ, ದಾವಣಗೆರೆ

ನಾನು ಚಕ್ರ ಕಟ್ಟುವ, ಔಟ್ (ತಿರುಗುವಾಗಿನ ಸೊಟ್ಟ) ತೆಗೆಯುವ ಕೆಲಸದವನು. ಅಪ್ಪ ಸೈಕಲ್ ಶಾಪ್ ಇಟ್ಟಿದ್ದರು, ನಾನು ಬೈಕಿಗೆ ಬಂದೆ. ಕಡ್ಡಿ ಇದ್ದರೆ ನನಗೆ ಕೆಲಸ, ಅಲಾಯ್ ಬಂದರೆ ಇಲ್ಲ. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಓದಿ.

ಕಡ್ಡಿ ಚಕ್ರ ಭಾರ ಹೊರುವುದು ಹೇಗೆ ಅಂತ ಗೊತ್ತಾದರೆ ಅದರ ಗುಣ, ಅವಗುಣ ಎರಡೂ ಗೊತ್ತಾಗುತ್ತವೆ. ಎತ್ತಿನ ಗಾಡಿಯ ಭಾರ ಚಕ್ರದ ಕೆಳಭಾಗದ ಮರದ ಮೇಲೆ ನಿಲ್ಲುತ್ತದೆ. ಬೈಕಿನ ತೆಳು ಕಡ್ಡಿಯ ಮೇಲೆ ಹಾಗೆ ಏನೂ ನಿಲ್ಲುವುದಿಲ್ಲ, ಒತ್ತಿದರೆ ಬಳುಕುತ್ತದೆ. ಅದಕ್ಕೆ ಎಳೆಯುವುದು ಮಾತ್ರ ಗೊತ್ತು. ಹಾಗಾಗಿ ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿ ಮಾಡಿ ಕಟ್ಟುತ್ತೇವೆ. ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಉಳಿದವು ಚಕ್ರದ ನಡುವಿನ ಹಬ್ ಅನ್ನು ಹಿಡಿದಿರುತ್ತವೆ. ಚಕ್ರ ಒಂದು ಸುತ್ತು ಬಂದರೆ ಪ್ರತಿ ಕಡ್ಡಿಯೂ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ದಿನಪೂರ್ತಿ ಇದೇ ಕೆಲಸ. ಬಿಗಿ ಸಮ ಇಲ್ಲ ಅಂದರೆ ಯಾವುದೋ ಒಂದು ಕಡ್ಡಿ ಬೇಗ ಸೋಲುತ್ತದೆ. ಮುರಿಯುವುದು ಹೆಚ್ಚಾಗಿ ಹಬ್ಬಿನ ಹತ್ತಿರ ಬಾಗಿರುವ ಕಡೆ. ಒಂದು ಹೋದರೆ ಅದರ ಪಾಲು ಪಕ್ಕದವುಗಳ ಮೇಲೆ ಬೀಳುತ್ತದೆ. ಆಮೇಲೆ ಅವೂ ಹೊರಡುತ್ತವೆ.

ಪರೀಕ್ಷೆ ಮಾಡುವುದು ಸುಲಭ. ಚಿಕ್ಕ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಗೆ ಮೆಲ್ಲಗೆ ತಟ್ಟಿ. ಬಿಗಿ ಇದ್ದರೆ "ಟಣ್" ಅನ್ನುತ್ತದೆ, ಸಡಿಲಾಗಿದ್ದರೆ "ದಬ್". ಗಾಡಿ ಹೊಸತಿರುವಾಗ ಕಡ್ಡಿಗಳು ತಮ್ಮ ಜಾಗದಲ್ಲಿ ಕೂರುತ್ತವೆ, ಆಗ ಬಿಗಿ ಇಳಿಯುವುದು ಸಹಜ. ಮೊದಲ ಸರ್ವೀಸಿನಲ್ಲೇ ಕೇಳಿ ನೋಡಿಸಬೇಕು. ಕೇಳದಿದ್ದರೆ ನೋಡುವವರು ಕಡಿಮೆ. ಮನೆಯಲ್ಲೇ ಸಿಕ್ಕ ಕಡ್ಡಿಯನ್ನೆಲ್ಲ ತಿರುಗಿಸಲು ಹೋಗಬೇಡಿ. ನಾವೂ ಒಂದು ಸಲಕ್ಕೆ ಕಾಲು ಸುತ್ತು, ಅರ್ಧ ಸುತ್ತು ಅಷ್ಟೇ ತಿರುಗಿಸುವುದು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಔಟ್ ಬರುತ್ತದೆ.

ಅಲಾಯ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಎರೆದು ಮಾಡಿದ್ದು. ಬಿಗಿ ಮಾಡುವುದಿಲ್ಲ, ಔಟ್ ತೆಗೆಯುವುದಿಲ್ಲ, ತೊಳೆಯುವುದೂ ಬೇಗ. ಡಾಂಬರು ರಸ್ತೆಗೆ ಅದರಷ್ಟು ನೆಮ್ಮದಿ ಬೇರೆ ಇಲ್ಲ. ಬಡಿತ ಜಾಸ್ತಿಯಾದರೆ ಅಂಚು ಬಾಗುತ್ತದೆ, ಇನ್ನೂ ಜಾಸ್ತಿಯಾದರೆ ಬಿರುಕು. ಕೋಟೆ ಅಣ್ಣ ಸೀಳುತ್ತದೆ ಅಂದರೂ ಪ್ರತಿ ಕಲ್ಲಿಗೂ ಅದು ಸೀಳುವುದಿಲ್ಲ.

ಇನ್ನೊಂದು, ಕಡ್ಡಿ ಚಕ್ರ ಹಗುರ ಅನ್ನುವ ಮಾತು. ರಿಮ್ಮಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು. ಉಕ್ಕಿನ ರಿಮ್, ಅಷ್ಟೂ ಕಡ್ಡಿ, ಟ್ಯೂಬ್, ಒಳಗಿನ ರಬ್ಬರ್ ಪಟ್ಟಿ ಎಲ್ಲ ಸೇರಿಸಿ ತೂಗಿದರೆ ಅಲಾಯ್‌ಗಿಂತ ಹಗುರ ಅಂತ ಗ್ಯಾರಂಟಿ ಹೇಳಲಾಗದು.

ವಿದ್ಯಾನಗರ_ಸವಾರ

ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಒಂದು ವಿಷಯ ಬರೆಯಲು ಬಿಟ್ಟಿದ್ದೆ. ಹೊಲದ ದಾರಿಯಲ್ಲಿ ಕಲ್ಲಿಗಿಂತ ಮುಳ್ಳಿನ ಕಾಟ ಜಾಸ್ತಿ. ಎರಡೂ ಬದಿ ಜಾಲಿ. ಬೇಲಿಗೆ ಕಡಿದು ಹಾಕಿದ್ದು ದಾರಿಗೂ ಬಿದ್ದಿರುತ್ತದೆ.

ಚಳ್ಳಕೆರೆ_ಬಿಸಿಲು

ಇದನ್ನು ಮೊದಲೇ ಹೇಳಬೇಕಿತ್ತು ಸರ್! ಚರ್ಚೆ ಅರ್ಧ ಇಲ್ಲೇ ಮುಗಿಯಿತು.

ಬಳ್ಳಾರಿ ಜಾಲಿ ಮುಳ್ಳಿನ ಬಗ್ಗೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರನ್ನು ಕೇಳಿ. ಮೊಳೆಗೂ ಇದಕ್ಕೂ ವ್ಯತ್ಯಾಸ ಇದೆ. ಮೊಳೆ ಕಣ್ಣಿಗೆ ಕಾಣುತ್ತದೆ, ಇಕ್ಕಳದಲ್ಲಿ ಕಿತ್ತರೆ ಇಡಿಯಾಗಿ ಬರುತ್ತದೆ. ಜಾಲಿ ಮುಳ್ಳು ಟಯರಿನ ಮೇಲ್ಮೈಗೆ ಸಮವಾಗಿ ಮುರಿದು ಒಳಗೇ ಉಳಿಯುತ್ತದೆ. ಟ್ಯೂಬ್ ತೆಗೆದು ಪ್ಯಾಚ್ ಹಾಕಿ, ಟಯರ್ ಕೂರಿಸಿ, ಗಾಳಿ ತುಂಬಿ ಹೊರಟರೆ ಅದೇ ಮುಳ್ಳಿನ ತುದಿ ಮತ್ತೆ ಚುಚ್ಚುತ್ತದೆ. ಪಂಚರ್ ಅಂಗಡಿಯವನು "ಇದು ಹೊಸ ಪಂಚರ್" ಅಂತ ಇನ್ನೊಂದು ಸಲ ದುಡ್ಡು ತಗೊಳ್ಳುತ್ತಾನೆ. ಅವನ ತಪ್ಪೂ ಅಲ್ಲ ಬಿಡಿ. ಟಯರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಬೇಕು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬರಿಗೈ ಆಡಿಸಿದರೆ ಬೆರಳಿಗೆ ನೆಟ್ಟುಕೊಳ್ಳುತ್ತದೆ.

ಟ್ಯೂಬ್‌ಲೆಸ್ಸಿನಲ್ಲಿ ಇಂಥ ಸಣ್ಣ ಮುಳ್ಳು ಹೊಕ್ಕು ಮುರಿದರೆ ಎಷ್ಟೋ ಸಲ ಅದೇ ಬಿರಡೆಯಾಗಿ ಕೂರುತ್ತದೆ. ಬೆಳಿಗ್ಗೆ ನೋಡಿದರೆ ಗಾಳಿ ಸ್ವಲ್ಪ ಕಡಿಮೆ ಇರುತ್ತದೆ, ಅಷ್ಟೇ. ಸೋಪಿನ ನೀರು ಹಾಕಿ ಗುಳ್ಳೆ ನೋಡಿ, ಬಿಡುವಾದಾಗ ಸ್ಟ್ರಿಪ್ (ತೂತಿಗೆ ತುರುಕುವ ರಬ್ಬರ್ ಎಳೆ) ಹಾಕಬಹುದು. ಚಕ್ರ ಬಿಚ್ಚುವ ಮಾತೇ ಇಲ್ಲ. ನಮ್ಮ ಸೀಮೆಯಲ್ಲಿ ದಿನಾ ಓಡುವ ಗಾಡಿಗೆ ಟ್ಯೂಬ್ ಬೇಡ ಅನ್ನುವುದಕ್ಕೆ ಈ ಒಂದು ಗಿಡ ಸಾಕು.

ಹಳೇ_ಯೆಜ್ಡಿ, ಹರಿಹರ

ನಿಮ್ಮ ಮಾತು ಕೇಳಿದರೆ ನಗು ಬರುತ್ತದೆ ತಮ್ಮಂದಿರಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಗಾಡಿ ಮಾಡಿದರು. ಜಾವಾ, ಯೆಜ್ಡಿ ಎಲ್ಲವೂ ಕಡ್ಡಿ ಚಕ್ರ. ಆಗಲೂ ಜಾಲಿ ಇತ್ತು, ಆಗಲೂ ಗುಂಡಿ ಇತ್ತು. ಹಳೇ ಪಿ.ಬಿ. (ಪುಣೆ–ಬೆಂಗಳೂರು) ರೋಡ್ ಈಗಿನ ಆರು ಪಥದ ಹೈವೇ ಅಲ್ಲ. ಸೀಟಿನ ಕೆಳಗೆ ಒಂದು ಟ್ಯೂಬ್, ಟಯರ್ ಬಿಚ್ಚುವ ಎರಡು ಲಿವರ್, ಸೊಲ್ಯೂಷನ್ ಡಬ್ಬಿ ಇಟ್ಟುಕೊಂಡು ಗೋವಾಕ್ಕೂ ಹೋಗಿ ಬರುತ್ತಿದ್ದೆವು. ಅಲಾಯ್ ಎಲ್ಲರ ಮನೆಗೆ ಬಂದಿದ್ದು 2005ರ ಸುಮಾರಿಗೆ ಪಲ್ಸರ್‌ಗೆ ಬಂದ ಮೇಲೆ. ಆಗ ಅದಕ್ಕೆ ಮ್ಯಾಗ್ ವೀಲ್ ಅಂತಿದ್ದರು. ಗುಂಡಿಗೆ ಬಿದ್ದರೆ ಒಡೆಯುತ್ತದೆ ಅಂತ ಹೆದರಿಸಿದವರಲ್ಲಿ ನಾನೂ ಒಬ್ಬ. ಈಗ ಮಗನ ಗಾಡಿ, ಮೊಮ್ಮಗನ ಗಾಡಿ ಎರಡೂ ಅಲಾಯೇ. ಓಡುತ್ತಿವೆ.

ತುಂಗೆ_ದಡ

ಅಜ್ಜಾರೆ, ಯೆಜ್ಡಿಯ ಫೋಟೋ ಹಾಕಿ ಪ್ಲೀಸ್.

ಕೋಟೆ_ಕಲ್ಲು

ಬಿಸಿಲು ಅಣ್ಣ, ಮುಳ್ಳಿನ ಮಾತು ಒಪ್ಪಿದೆ. ಆದರೆ ಒಂದು ಅನುಭವ ಹೇಳುತ್ತೇನೆ. ಸಂಡೂರು ದಾರಿಯಲ್ಲಿ ಅದಿರು ಲಾರಿಗಳು ಅಗೆದು ಹಾಕಿದ ಗುಂಡಿಗೆ ಗೆಳೆಯನ ಅಲಾಯ್ ಬಡಿದು ಅಂಚಿನಲ್ಲಿ ಕೂದಲೆಳೆಯ ಬಿರುಕು ಬಂತು. ಊರಿಗೆ ಬಂದು ಒಂದು ಅಂಗಡಿಯಲ್ಲಿ ತೋರಿಸಿದೆವು. "ವೆಲ್ಡ್ ಹೊಡೆದು ಪೇಂಟ್ ಮಾಡಿಕೊಡುತ್ತೇನೆ, ಗೊತ್ತೇ ಆಗಲ್ಲ" ಅಂದ. ಮಾಡಿಯೂ ಕೊಟ್ಟ. ಕೆಲವೇ ವಾರದಲ್ಲಿ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು. ಪುಣ್ಯಕ್ಕೆ ತೊಳೆಯುವಾಗ ಕಂಡಿತು. ಕಡ್ಡಿ ಚಕ್ರ ಆಗಿದ್ದರೆ ಅದೇ ಬಡಿತಕ್ಕೆ ರಿಮ್ ಚಪ್ಪಟೆ ಆಗುತ್ತಿತ್ತು. ನಮ್ಮ ಕಡ್ಡಿ ಅಣ್ಣನ ಹತ್ತಿರ ತಂದರೆ ಸಂಜೆ ಒಳಗೆ ಮುಗಿಯುತ್ತಿತ್ತು. ಅಲ್ವಾ?

ಕಡ್ಡಿ_ಕಟ್ಟುವವ

ಎಷ್ಟು ಚಪ್ಪಟೆ ಆಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಪಕ್ಕಕ್ಕೆ ಹೊಯ್ದಾಡುವ ಔಟ್ ತೆಗೆಯುವುದು ಸುಲಭ. ರಿಮ್ಮಿನ ಅಂಚೇ ಒಳಗೆ ಹೋಗಿದ್ದರೆ ಕಡ್ಡಿ ತಿರುಗಿಸಿ ಸರಿ ಮಾಡಲು ಆಗುವುದಿಲ್ಲ, ಹೊಸ ರಿಮ್ ಹಾಕಿ ಕಟ್ಟಬೇಕು. ಹಬ್ ಹಳೆಯದೇ ಇರುತ್ತದೆ, ಲಾಭ ಅಷ್ಟು.

ಅಲಾಯ್ ವೆಲ್ಡ್ ಮಾತ್ರ ಮಾಡಿಸಲೇಬೇಡಿ. ಶಾಖಕ್ಕೆ ಸುತ್ತಲಿನ ಲೋಹದ ಬಲ ಇಳಿಯುತ್ತದೆ. ಪೇಂಟ್ ಹೊಡೆದರೆ ಒಳಗಿನದು ಕಾಣುವುದಿಲ್ಲ, ಅದೇ ಅಪಾಯ. ಅಂಚು ಸ್ವಲ್ಪ ಬಾಗಿದ್ದರೆ ಗೊತ್ತಿರುವವರು ಪ್ರೆಸ್ಸಿನಲ್ಲಿ ಸರಿ ಮಾಡುತ್ತಾರೆ. ಬಿರುಕು ಕಂಡರೆ ಚಕ್ರ ಗುಜರಿಗೆ.

ಎರಡೂ ಥರದ ಚಕ್ರ ಹಾಳಾಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಗಾಳಿ ಕಡಿಮೆ ಇರುವುದು. ಜನ ಸೀಟು ಮೆತ್ತಗಿರಲಿ ಅಂತ ಗಾಳಿ ಇಳಿಸುತ್ತಾರೆ, ಮೇಲೆ ಇಬ್ಬರು, ಎರಡು ಬ್ಯಾಗ್. ಗುಂಡಿ ಬಂದಾಗ ಟಯರ್ ಪೂರ್ತಿ ಅಮುಕಿ ರಿಮ್ ನೇರ ಕಲ್ಲಿಗೆ ತಾಗುತ್ತದೆ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ಹಾಕಿಸಿ.

ಮಾರಿಕಣಿವೆ_ರೈಡರ್, ಹಿರಿಯೂರು

ನಾನು ಒಬ್ಬಳೇ ಟೂರ್ ಹೋಗುವವಳು. ಹಳೇ ಹಿಮಾಲಯನ್ 411 ಇದೆ, ಕಡ್ಡಿ ಚಕ್ರ, ಟ್ಯೂಬ್. ಗಾಡಿ ಮೇಲೆ ಪ್ರೀತಿ ಇದೆ, ಆ ಟ್ಯೂಬಿನ ಮೇಲೆ ಇಲ್ಲ.

ಹಿಂದಿನ ಚಕ್ರದ ಪಂಚರ್ ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಡ್ಡಿ ಹೊಗಳುವವರು ಇದನ್ನು ಒಂದೇ ಸಾಲಲ್ಲಿ ಮುಗಿಸುತ್ತಾರೆ. ಲಗೇಜ್ ಇಳಿಸಬೇಕು. ಸೆಂಟರ್ ಸ್ಟ್ಯಾಂಡ್ ಹಾಕಬೇಕು, ಮಣ್ಣು ಮೆತ್ತಗಿದ್ದರೆ ಕೆಳಗೆ ಚಪ್ಪಡಿ ಹುಡುಕಬೇಕು. ಆಕ್ಸಲ್ ಬಿಚ್ಚಿ, ಚೈನ್ ಇಳಿಸಿ, ಚಕ್ರ ಹೊರಗೆ ಎಳೆಯಬೇಕು. ರಿಮ್ಮಿಗೆ ಅಂಟಿಕೊಂಡ ಟಯರಿನ ಅಂಚನ್ನು ಕಾಲಲ್ಲಿ ತುಳಿದು ಬಿಡಿಸಬೇಕು. ಆಮೇಲೆ ಲಿವರ್ ಕೆಲಸ. ಇಷ್ಟೆಲ್ಲ ಆದ ಮೇಲೆ ಲಿವರ್ ತುದಿ ಹೊಸ ಟ್ಯೂಬನ್ನೇ ಚಿವುಟಿ ತೂತು ಮಾಡುವ ಸಾಧ್ಯತೆ ಬೇರೆ. ಕೊನೆಗೆ ಚೈನ್ ಸರಿಯಾಗಿ ಎಳೆದು ಆಕ್ಸಲ್ ಬಿಗಿ ಮಾಡಬೇಕು. ಬಿಸಿಲಲ್ಲಿ, ಲಾರಿಗಳು ಪಕ್ಕದಲ್ಲೇ ಹೋಗುತ್ತಿರುವಾಗ. ಕಲಿತಿದ್ದೇನೆ, ಮಾಡುತ್ತೇನೆ. ಆದರೆ ಕತ್ತಲಾದ ಮೇಲೆ ಹೈವೇ ಬದಿಯಲ್ಲಿ ಅಷ್ಟು ಹೊತ್ತು ನಿಲ್ಲಲು ನನಗೆ ಇಷ್ಟವಿಲ್ಲ. ಟ್ಯೂಬ್‌ಲೆಸ್ ಇರುವ ಗೆಳತಿ ಮೊಳೆ ಕಿತ್ತು, ಸ್ಟ್ರಿಪ್ ತುರುಕಿ, ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರಿನಲ್ಲಿ ಗಾಳಿ ತುಂಬಿ, ನಾನು ನೀರು ಕುಡಿದು ಮುಗಿಸುವಷ್ಟರಲ್ಲಿ ಹೆಲ್ಮೆಟ್ ಹಾಕಿರುತ್ತಾಳೆ.

ಸರ್, ಹಿಂದೆ ಕೂರುವ ನಿಮ್ಮ ಮನೆಯವರನ್ನೂ ಒಂದು ಮಾತು ಕೇಳಿ. ರಸ್ತೆ ಬದಿಯಲ್ಲಿ ಕಾಯುವವರು ಅವರೂ ಹೌದಲ್ಲ.

ಕೋಟೆ_ಕಲ್ಲು

ಅಕ್ಕ, ಒಪ್ಪಿದೆ. ಆದರೆ ಲಡಾಖ್? ಅಲ್ಲಿ ಅಲಾಯ್ ಅಂಚು ಬಾಗಿದರೆ ಗಾಳಿಯೇ ನಿಲ್ಲುವುದಿಲ್ಲ. ಆಗ ಸ್ಟ್ರಿಪ್ ಏನು ಮಾಡುತ್ತದೆ?

ಮಾರಿಕಣಿವೆ_ರೈಡರ್

ಟ್ಯೂಬ್ ಹಾಕಬಹುದು ತಮ್ಮಾ. ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ಒಳಗೆ ಟ್ಯೂಬ್ ಕೂರಿಸಿದರೆ ನಿಧಾನವಾಗಿ ಮುಂದಿನ ಊರು ಸೇರಬಹುದು. ನನ್ನ ಗಾಡಿಯಲ್ಲಿ ಇದರ ಉಲ್ಟಾ ಆಗುವುದಿಲ್ಲ. ಟ್ಯೂಬ್ ಮುಗಿದರೆ ಮುಗಿಯಿತು.

ಎರಡು_ಗಾಲಿ, ಹೊಳಲ್ಕೆರೆ

ಯಾರೂ ಇನ್ನೂ ಮೂರನೆಯದರ ಮಾತು ಎತ್ತಲಿಲ್ಲ. ಕಡ್ಡಿಯೂ ಇದ್ದು ಟ್ಯೂಬ್‌ಲೆಸ್ಸೂ ಆಗಿರುವ ಚಕ್ರ ಇದೆ. ಕಡ್ಡಿಯನ್ನು ರಿಮ್ಮಿನ ನಡುವೆ ಚುಚ್ಚುವ ಬದಲು ಹೊರ ಅಂಚಿಗೆ ಕಟ್ಟುತ್ತಾರೆ. ಗಾಳಿ ಇರುವ ಜಾಗದಲ್ಲಿ ತೂತೇ ಇರುವುದಿಲ್ಲ. ಬಿಎಂಡಬ್ಲ್ಯೂ 1987ರಲ್ಲೇ ಆರ್ 100 ಜಿಎಸ್ ಗಾಡಿಗೆ ಇದನ್ನು ಕೊಟ್ಟಿತ್ತು. ನಮ್ಮಲ್ಲಿ ಹಿಮಾಲಯನ್ 450 ಬಂದಾಗ ಟ್ಯೂಬಿನದ್ದೇ ಇತ್ತು, 2024ರಲ್ಲಿ ಟ್ಯೂಬ್‌ಲೆಸ್ ಕಡ್ಡಿ ಚಕ್ರವೂ ಆಯ್ಕೆಯಾಗಿ ಬಂತು. ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್‌ಸಿಗೆ ಕಂಪನಿಯಿಂದಲೇ ಬರುತ್ತದೆ. ಬೆಲೆ ಜಾಸ್ತಿ. ಕಡ್ಡಿ ಸಡಿಲಾಗುವ ಕಥೆ ಇದರಲ್ಲೂ ಇದೆ.

ವಿದ್ಯಾನಗರ_ಸವಾರ

ಬಜೆಟ್ ಅಲ್ಲಿಗೆ ಹೋಗುವುದಿಲ್ಲ ಸರ್. ಆದರೆ ಯಾರೋ ಹೇಳಿದರು, ಟ್ರೇಲ್ ತಗೊಂಡು ಮಾಮೂಲಿ ಕಡ್ಡಿ ರಿಮ್ಮಿನ ಒಳಗೆ ಟೇಪ್, ಗಮ್ ಹಾಕಿ ಟ್ಯೂಬ್‌ಲೆಸ್ ಮಾಡಿಸಬಹುದಂತೆ. ನಿಜವಾ? ಇಲ್ಲ ಹೊರಗಿಂದ ಅಲಾಯ್ ತಂದು ಹಾಕಿಸಿದರೆ?

ಎರಡು_ಗಾಲಿ

ಗಮ್ ಹಾಕಿದರೆ ಗಾಳಿ ನಿಲ್ಲಬಹುದು. ಆದರೆ ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಅಂಚಿನ ಹತ್ತಿರ ಒಂದು ಸಣ್ಣ ಉಬ್ಬು ಇರುತ್ತದೆ. ಗಾಳಿ ಇಳಿದರೂ ಟಯರಿನ ಅಂಚು ಜಾರಿ ಒಳಗೆ ಬೀಳದ ಹಾಗೆ ಅದು ತಡೆಯುತ್ತದೆ. ಟ್ಯೂಬಿನ ರಿಮ್ಮಿಗೆ ಸಾಮಾನ್ಯವಾಗಿ ಆ ಉಬ್ಬು ಇರುವುದಿಲ್ಲ. ರಿಮ್ ಮೇಲೆ ಅಳತೆಯ ಜೊತೆ "ಎಂಟಿ" ಅಂತ ಇದೆಯಾ ನೋಡಿ. ಇದ್ದರೆ ಟ್ಯೂಬ್‌ಲೆಸ್ಸಿಗೆ ಮಾಡಿದ್ದು. ಟಯರ್ ಮೇಲೆ "ಟಿಎಲ್" ಇದ್ದ ಮಾತ್ರಕ್ಕೆ ರಿಮ್ ಟ್ಯೂಬ್‌ಲೆಸ್ ಆಗುವುದಿಲ್ಲ.

ಹೊರಗಿನ ಅಲಾಯ್ ವಿಷಯದಲ್ಲಿ ನಾನು ಕೈ ಮುಗಿಯುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರವನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ನಾಳೆ ಅಪಘಾತ ಆದರೆ ಇನ್ಶೂರೆನ್ಸ್‌ನವರಿಗೆ ಒಂದು ನೆಪ ಸಿಗುತ್ತದೆ. ಅದಕ್ಕಿಂತ ಮುಖ್ಯ, ಆ ಚಕ್ರವನ್ನು ಯಾರು ಎಲ್ಲಿ ಎರೆದರು, ಯಾರು ಪರೀಕ್ಷೆ ಮಾಡಿದರು ಅಂತ ಹೇಳುವವರಿಲ್ಲ. ಹೇಗೂ ಕಂಪನಿಯೇ ಅಲಾಯ್ ಮಾದರಿ ಕೊಡುತ್ತಿರುವಾಗ ಇದೆಲ್ಲ ಯಾಕೆ?

ಬೆಣ್ಣೆ_ಜಾಸ್ತಿ, ದಾವಣಗೆರೆ

ಕಡ್ಡಿ ಚಕ್ರ ನೋಡಲು ಚೆಂದ. ಇದನ್ನೂ ಒಬ್ಬರು ಹೇಳಬೇಕಿತ್ತು, ಹೇಳಿದೆ. ಚೈನಿಗೆ ಎಣ್ಣೆ ಹಾಕಿದ ಮರುದಿನ ಹಿಂದಿನ ಕಡ್ಡಿಗಳನ್ನು ಒಂದೊಂದಾಗಿ ಒರೆಸುವಾಗ ಚೆಂದ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಗೋಕರ್ಣ, ಕಾರವಾರ ಕಡೆ ಹೋಗಿ ಬಂದು ತೊಳೆಯದೆ ಬಿಟ್ಟರೆ ನಿಪ್ಪಲ್ ತುಕ್ಕು ಹಿಡಿಯುತ್ತದೆ. ಆಮೇಲೆ ಅದು ತಿರುಗುವುದೇ ಇಲ್ಲ, ತಿರುಗಿಸಲು ಹೋದರೆ ಕಡ್ಡಿ ತುಂಡು.

ವಿದ್ಯಾನಗರ_ಸವಾರ

ಎಲ್ಲ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಹಿರಿಯೂರಿನ ಅಕ್ಕ ಬರೆದಿದ್ದು ಮುಗಿಯುವ ಮೊದಲೇ "ಅಲಾಯ್" ಅಂದರು. ಫೋರ್ಸ್ ಬುಕ್ ಮಾಡುತ್ತೇನೆ. ಬಂಡಿ ದಾರಿಯಲ್ಲಿ ನಾನು ಹೇಗೂ ಇಪ್ಪತ್ತರ ಮೇಲೆ ಓಡಿಸುವುದಿಲ್ಲ. ಅಲ್ಲಿ ನನಗೆ ಮುಳ್ಳು ಮುಖ್ಯ. ಹೈವೇಯಲ್ಲಿ ನಿಧಾನ ಇಳಿಯುವ ಗಾಳಿ ಮುಖ್ಯ. ಕೋಟೆ ಸರ್, ಬೇಜಾರಿಲ್ಲ ತಾನೇ?

ಕೋಟೆ_ಕಲ್ಲು

ನನಗೇನು ಬೇಜಾರು ಸರ್, ದುಡ್ಡು ನಿಮ್ಮದು. ನಾನು ಮಾತ್ರ ಕಡ್ಡಿಯೇ. ಜೋಗಿಮಟ್ಟಿ ತಪ್ಪಲಿನ ಕಲ್ಲು ದಾರಿಗೆ ವಾರವಾರ ಹೋಗುವವನು ನಾನು, ಪಂಚರ್ ಆದರೆ ತಳ್ಳಿಕೊಂಡು ಬರಲು ಗೆಳೆಯರಿದ್ದಾರೆ. ನಿಮ್ಮ ಲೆಕ್ಕ ಬೇರೆ.

ವಿದ್ಯಾನಗರ_ಸವಾರ

ಕೊನೇ ಪ್ರಶ್ನೆ, ಕಡ್ಡಿ ಅಣ್ಣನಿಗೆ. ಅಲಾಯ್ ತಗೊಂಡ ಮೇಲೂ ಟೂರಿಗೆ ಟ್ಯೂಬ್ ಇಟ್ಟುಕೊಳ್ಳಬೇಕಾ? 19, 17 ಎರಡೂ ಬೇಕಾ?

ಕಡ್ಡಿ_ಕಟ್ಟುವವ

ಹಂಪಿ, ಶಿರಸಿಗೆ ಬೇಡ. ಸ್ಟ್ರಿಪ್ ಕಿಟ್, ಇಕ್ಕಳ, ಕಂಪ್ರೆಸರ್ ಸಾಕು. ಸ್ಟ್ರಿಪ್ ಹಾಕಿ ಊರಿಗೆ ಬಂದ ಮೇಲೆ ಟಯರ್ ಬಿಚ್ಚಿಸಿ ಒಳಗಿಂದ ಮಶ್ರೂಮ್ (ಅಣಬೆ ಆಕಾರದ) ಪ್ಯಾಚ್ ಹಾಕಿಸಿ, ಸ್ಟ್ರಿಪ್ ನಂಬಿ ದಿನಗಟ್ಟಲೆ ಜೋರಾಗಿ ಓಡಿಸಬೇಡಿ. ಟಯರಿನ ಪಕ್ಕದ ಗೋಡೆ ಸೀಳಿದರೆ ಸ್ಟ್ರಿಪ್ ಕೆಲಸಕ್ಕೆ ಬಾರದು.

ಲಡಾಖಿಗೆ ಹೋಗುವಾಗ ಒಂದು ಟ್ಯೂಬ್ ಇರಲಿ, 19ರದ್ದು. 17ರ ಟ್ಯೂಬ್ ದಾರಿಯ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ, ಎಷ್ಟೋ ಗಾಡಿಗೆ ಅದೇ ಅಳತೆ. ಸಿಗದಿದ್ದರೆ 19ರದ್ದನ್ನೇ ಮಡಿಚಿ ಹಿಂದಿನದಕ್ಕೆ ತುರುಕಿ ಹೇಗೋ ಅಂಗಡಿವರೆಗೆ ಹೋಗಬಹುದು. ಚಿಕ್ಕದನ್ನು ದೊಡ್ಡ ಚಕ್ರಕ್ಕೆ ಎಳೆಯಲು ಹೋಗಬೇಡಿ. ಟ್ಯೂಬಿಗೆ ಪೌಡರ್ ಉದುರಿಸಿ, ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ಒಳಗೆ ಬೇರೆ ಇಡಿ. ಸ್ಪ್ಯಾನರ್ ಜೊತೆ ಇಟ್ಟರೆ ಮನಾಲಿ ತಲುಪುವಷ್ಟರಲ್ಲಿ ಉಜ್ಜಿ ಉಜ್ಜಿ ಅದೇ ಪಂಚರ್ ಆಗಿರುತ್ತದೆ.